ಕಬ್ಬಿಣದ ಬೂಟು ಮತ್ತು ನೀರಿನ ಗುಡಿ: ‘ಆಕರೀನಾ ಆಫ್ ಟೈಮ್’ ಆಡಿದವರ ಮಾತು ಯಾಕೆ ಹೊಂದುವುದಿಲ್ಲ

‘ದಿ ಲೆಜೆಂಡ್ ಆಫ್ ಜೆಲ್ಡಾ: ಆಕರೀನಾ ಆಫ್ ಟೈಮ್’ ಎಂಬ ವಿಡಿಯೋ ಗೇಮ್ ಆಡಿದ ಇಬ್ಬರು ಒಂದು ಕಡೆ ಕೂತರೆ ಮಾತು ಹೊಗಳಿಕೆಯಲ್ಲಿ ಶುರುವಾಗಿ ಅದರೊಳಗಿನ ನೀರಿನ ಗುಡಿಗೆ, ಅಂದರೆ ವಾಟರ್ ಟೆಂಪಲ್‌ಗೆ, ಬಂದು ನಿಲ್ಲುತ್ತದೆ. ಒಬ್ಬರು ಅದನ್ನು ಇಡೀ ಆಟದಲ್ಲೇ ಬೇಸರದ ಜಾಗ ಅನ್ನುತ್ತಾರೆ. ಇನ್ನೊಬ್ಬರಿಗೆ ಅದರಲ್ಲಿ ಅಂಥ ಕಷ್ಟವೇನೂ ಕಂಡಿಲ್ಲ. ಇಬ್ಬರೂ ಹೇಳುತ್ತಿರುವುದು ನಿಜವೇ. ಅವರ ವಾದಕ್ಕೆ ಇಳಿಯುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಯಾವ ಯಂತ್ರದಲ್ಲಿ ಆಡಿದಿರಿ?

ಈ ಆಟದ ಬಗ್ಗೆ ಇರುವ ಅಭಿಪ್ರಾಯಗಳಲ್ಲಿ ಬಹುಪಾಲು ಆಟದ ಯೋಚನೆಯ ಬಗ್ಗೆ ಇರುವಂಥವಲ್ಲ, ಕೈಯಲ್ಲಿ ಹಿಡಿದ ಕಂಟ್ರೋಲರ್ ಮತ್ತು ಕಣ್ಣೆದುರಿನ ಮೆನುವಿನ ಬಗ್ಗೆ ಇರುವಂಥವು. ಇದನ್ನು ಬೇರೆ ಮಾಡಿ ನೋಡದೆ ಆಟವನ್ನು ತೂಗಿದರೆ ತಕ್ಕಡಿ ಸುಳ್ಳು ಹೇಳುತ್ತದೆ.

ಮೊದಲು ಆಟದ ಜಾತಕ. ನಿಂಟೆಂಡೊ 64 ಯಂತ್ರಕ್ಕೆಂದು ಜಪಾನಿನಲ್ಲಿ 1998ರ ನವೆಂಬರ್ 21ರಂದು, ಉತ್ತರ ಅಮೆರಿಕದಲ್ಲಿ ಎರಡೇ ದಿನ ಬಿಟ್ಟು, ಯುರೋಪಿನಲ್ಲಿ ಡಿಸೆಂಬರ್ 11ರಂದು ಬಂತು. ಇಡೀ ಆಟ 32 ಮೆಗಾಬೈಟ್‌ನ ಒಂದು ಕಾರ್ಟ್ರಿಡ್ಜ್‌ನಲ್ಲಿ ಕೂತಿತ್ತು. ಶಿಗೆರು ಮಿಯಾಮೊಟೊ ನಿರ್ಮಾಪಕರು, ಕೋಜಿ ಕೊಂಡೊ ಸಂಗೀತ, ನಿರ್ದೇಶಕರಲ್ಲಿ ಐಜಿ ಆವೊನುಮಾ ಮತ್ತು ಯೋಶಿಯಾಕಿ ಕೊಯಿಜುಮಿ ಇದ್ದರು. ಜಪಾನಿನ ಫಾಮಿತ್ಸು ಪತ್ರಿಕೆ 40ಕ್ಕೆ 40 ಅಂಕ ಕೊಟ್ಟ ಮೊದಲ ಆಟ ಇದು. ವಿಮರ್ಶಕರ ಅಂಕಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್ ತಾಣದಲ್ಲಿ ಇದರ ಅಂಕ 99. ಆಮೇಲೆ ಗೇಮ್‌ಕ್ಯೂಬ್‌ಗೆ, ವೀಗೆ, ವೀ ಯು ಯಂತ್ರಕ್ಕೆ ಹೋಯಿತು. 2011ರಲ್ಲಿ ಗ್ರೆಜ್ಜೊ ಎಂಬ ತಂಡ ಅದನ್ನು 3ಡಿಎಸ್‌ಗೆ ಹೊಸದಾಗಿ ಕಟ್ಟಿತು. 2021ರ ಅಕ್ಟೋಬರ್‌ನಿಂದ ನಿಂಟೆಂಡೊ ಸ್ವಿಚ್ ಯಂತ್ರದ ಆನ್‌ಲೈನ್ ಚಂದಾದಲ್ಲಿ ಸಿಗುತ್ತಿದೆ. ಕಥೆ ಎಲ್ಲದರಲ್ಲೂ ಒಂದೇ: ಕೋಕಿರಿ ಕಾಡಿನ ಹುಡುಗ ಲಿಂಕ್ ಮಾಸ್ಟರ್ ಸ್ವೋರ್ಡ್ ಎಳೆದ ಕ್ಷಣ ಏಳು ವರ್ಷ ಸರಿದುಹೋಗುತ್ತದೆ, ಎದ್ದು ನೋಡಿದರೆ ರಾಜ್ಯ ಖಳನಾಯಕ ಗ್ಯಾನನ್‌ಡಾರ್ಫ್ ಕೈಯಲ್ಲಿದೆ. ಆಡುವ ಅನುಭವ ಮಾತ್ರ ಒಂದೇ ಅಲ್ಲ.

ವಾಟರ್ ಟೆಂಪಲ್‌ ಅನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ದೊಡ್ಡ ಲಿಂಕ್ ಬರುವ ಹೊತ್ತಿಗೆ ಹೈಲಿಯಾ ಸರೋವರ ಬತ್ತಿದೆ, ತಳದಲ್ಲಷ್ಟೇ ನೀರು ನಿಂತಿದೆ. ಗುಡಿಯ ಬಾಗಿಲು ಆ ನೀರಿನ ಅಡಿಯಲ್ಲಿದೆ. ಅಲ್ಲಿಗೆ ಇಳಿಯಲು ಕಬ್ಬಿಣದ ಬೂಟು ಬೇಕು, ಅದು ಐಸ್ ಕ್ಯಾವರ್ನ್ ಎಂಬ ಹಿಮದ ಗುಹೆಯ ಕೊನೆಯಲ್ಲಿದೆ. ಬಾಗಿಲ ಮೇಲಿನ ಸ್ವಿಚ್‌ಗೆ ಹೊಡೆಯಲು ಹುಕ್‌ಶಾಟ್, ಅಂದರೆ ಸರಪಳಿ ಕಟ್ಟಿದ ಕೊಕ್ಕೆ ಬೇಕು, ಅದು ಕಕಾರಿಕೋ ಸ್ಮಶಾನದಲ್ಲಿ ಡಾಂಪೆಯ ದೆವ್ವದ ಜೊತೆ ಓಡಿದವರಿಗೆ ಸಿಗುತ್ತದೆ. ನೀರಿನಡಿ ಉಸಿರಾಡಲು ನೀಲಿ ಅಂಗಿ, ಅಂದರೆ ಝೋರಾ ಎಂಬ ನೀರಿನ ಜನರ ಟ್ಯೂನಿಕ್ ಬೇಕು. ಎಷ್ಟೋ ಜನ ಎಡವುವುದು ಇಲ್ಲಿಯೇ, ಗುಡಿ ಮುಟ್ಟುವ ಮುಂಚೆಯೇ. ಅಂಗಡಿಯಲ್ಲಿ ಆ ಅಂಗಿಗೆ 300 ರುಪೀ (ಆಟದೊಳಗಿನ ದುಡ್ಡು). ಮೊದಲ ಪರ್ಸ್‌ನಲ್ಲಿ ಹಿಡಿಯುವುದು 99, ಎರಡನೆಯದರಲ್ಲಿ 200, ಮೂರನೆಯದರಲ್ಲಿ 500. ಮೂರನೆಯ ಪರ್ಸ್ ಸಿಗಲು 30 ಬಂಗಾರದ ಜೇಡ ಕೊಂದಿರಬೇಕು. ಇಷ್ಟೆಲ್ಲ ಸುತ್ತುವ ಅಗತ್ಯವೇ ಇಲ್ಲ. ಹಿಮದ ಗುಹೆಯಲ್ಲಿ ಉರಿಯುವ ನೀಲಿ ಬೆಂಕಿಯನ್ನು ಖಾಲಿ ಬಾಟಲಿಯಲ್ಲಿ ಹಿಡಿದು ತಂದು, ಕೆಂಪು ಹಿಮದಲ್ಲಿ ಹೆಪ್ಪುಗಟ್ಟಿ ಕೂತಿರುವ ಝೋರಾ ರಾಜನ ಮೇಲೆ ಸುರಿದರೆ ಅವನೇ ಅಂಗಿ ಕೊಡುತ್ತಾನೆ. ಗುಹೆಯೊಳಗಿನ ಹಿಮ ಕರಗಿಸಲಿಕ್ಕೂ ಅದೇ ಬೆಂಕಿ ಬೇಕಾದ್ದರಿಂದ ಎರಡು ಬಾಟಲಿ ಖಾಲಿ ಇಟ್ಟುಕೊಂಡು ಹೋಗುವುದು ಒಳ್ಳೆಯದು. ಹೊರಡುವಾಗ ಒಂದಾದರೂ ತುಂಬಿರಲಿ.

ಗುಡಿಯ ರಚನೆ ನಿಜಕ್ಕೂ ಸರಳ. ನಡುವೆ ಒಂದು ದೊಡ್ಡ ಗೋಪುರ, ಸುತ್ತ ನಾಲ್ಕೂ ಕಡೆ ಕೋಣೆಗಳು, ಮೂರು ಅಂತಸ್ತು, ಕೆಳಗೊಂದು ನೆಲಮಾಳಿಗೆ. ನೀರಿಗೆ ಮೂರು ಮಟ್ಟ: ತಳ, ನಡು, ತುದಿ. ಗೋಡೆಯಲ್ಲಿ ಟ್ರೈಫೋರ್ಸ್ ಗುರುತಿನ ಫಲಕ ಇರುವ ಮೂರು ಜಾಗಗಳಿವೆ. ಅಲ್ಲಿ ನಿಂತು ಆಕರೀನಾ ಎಂಬ ಊದುವ ವಾದ್ಯದಲ್ಲಿ ರಾಜಕುಮಾರಿ ಜೆಲ್ಡಾಳ ಜೋಗುಳ ನುಡಿಸಿದರೆ ನೀರು ಆ ಫಲಕಕ್ಕೆ ಗೊತ್ತುಮಾಡಿದ ಮಟ್ಟಕ್ಕೆ ಬರುತ್ತದೆ. ಒಂದು ಫಲಕಕ್ಕೆ ಒಂದೇ ಮಟ್ಟ. ಒಳಗೆ ಕಾಲಿಟ್ಟಾಗ ನೀರು ತುದಿಯವರೆಗೆ ತುಂಬಿರುತ್ತದೆ. ಬೂಟು ಹಾಕಿ ತಳಕ್ಕಿಳಿದು, ರೂಟೋ ಎಂಬ ಝೋರಾ ರಾಜಕುಮಾರಿಯನ್ನು ಕಂಡು, ಅವಳು ಈಜಿಹೋದ ದಾರಿಯಲ್ಲೇ ಬೂಟು ಬಿಚ್ಚಿ ಮೇಲೇರಿದರೆ ಮೊದಲ ಫಲಕ ಸಿಗುತ್ತದೆ. ಅದು ನೀರನ್ನು ತಳಕ್ಕೆ ಇಳಿಸುತ್ತದೆ. ಎರಡನೆಯದು ನಡುಗೋಪುರದ ಒಳಗೆ, ಅದು ನಡುಮಟ್ಟದ್ದು. ಮೂರನೆಯದು ಮತ್ತೆ ತುದಿಗೆ ಏರಿಸುತ್ತದೆ.

ಬೀಗದ ಕೈಗಳು ಒಟ್ಟು 6. ಐದನ್ನು ಹುಡುಕಿ ಆರನೆಯದಕ್ಕಾಗಿ ಗುಡಿಯನ್ನೆಲ್ಲ ಮೂರು ಸಲ ಸುತ್ತಿದವರ ಕಥೆಯೇ ಈ ಗುಡಿಯ ಕೆಟ್ಟ ಹೆಸರಿನ ಮೂಲ. ಆ ಕೈ ಎಲ್ಲಿದೆ ಅಂದರೆ, ಗೋಪುರದೊಳಗೆ ಜೋಗುಳ ನುಡಿಸಿ ನೀರು ನಡುಮಟ್ಟಕ್ಕೆ ಏರಿದಾಗ ಅಲ್ಲೇ ನೆಲದ ಮೇಲಿದ್ದ ದೊಡ್ಡ ದಿಮ್ಮಿಯೊಂದು ನೀರಿನ ಜೊತೆ ತೇಲಿ ಮೇಲೆ ಬರುತ್ತದೆ. ಅದು ಕೂತಿದ್ದ ಜಾಗದಲ್ಲಿ ಈಗ ಒಂದು ಗುಂಡಿ ತೆರೆದಿರುತ್ತದೆ. ಬೂಟು ಹಾಕಿ ಅದರೊಳಗೆ ಮುಳುಗಿದರೆ ಕೆಳಗೊಂದು ಕೋಣೆ ಇದೆ, ಅಲ್ಲಿನ ಮುಳ್ಳುಪ್ರಾಣಿಗಳನ್ನು ಹುಕ್‌ಶಾಟ್‌ನಿಂದ ಕೊಂದರೆ ಜಾಲರಿ ತೆರೆದು ಪೆಟ್ಟಿಗೆ ಸಿಗುತ್ತದೆ. ಯಾಕೆ ತಪ್ಪುತ್ತದೆ? ಜೋಗುಳ ನುಡಿಸಿದಾಗ ಆಟಗಾರ ನಿಂತಿರುವುದು ಎರಡನೇ ಅಂತಸ್ತಿನಲ್ಲಿ, ಮುಖ ಫಲಕದ ಕಡೆಗೆ. ನೀರು ಏರಿತು ಅಂದ ಕೂಡಲೇ ‘ಗೋಪುರದ ಕೆಲಸ ಮುಗಿಯಿತು, ಹೊರಗೆ ಹೊಸ ದಾರಿ ತೆರೆದಿರಬೇಕು’ ಎಂದು ಎದುರಿನ ಬಾಗಿಲಿಂದ ಹೊರಬಿದ್ದುಬಿಡುತ್ತಾನೆ. ಕಾಲಡಿ ಬದಲಾಗಿದ್ದನ್ನು ಯಾರೂ ನೋಡುವುದಿಲ್ಲ. ಒಳ್ಳೆಯ ಒಗಟು ಅದು. ಆದರೆ ಆ ಒಂದು ಸಲ ತಪ್ಪಿದರೆ ಮತ್ತೆ ಗೋಪುರಕ್ಕೆ ಬರಲು ಕಾರಣವೇ ಇರುವುದಿಲ್ಲ, ಗುಡಿಯ ಬಾಯಿಂದ ಒಂದು ಸುಳಿವೂ ಬರುವುದಿಲ್ಲ. 3ಡಿಎಸ್‌ನಲ್ಲಿ ಇದನ್ನೇ ಸರಿಪಡಿಸಿದರು: ನೀರು ಏರಿದಾಗ ಕ್ಯಾಮೆರಾ ತಿರುಗಿ ದಿಮ್ಮಿ ತೇಲುವುದನ್ನು ತೋರಿಸುತ್ತದೆ. ಫಲಕಗಳ ಕಡೆಗೆ ಗೋಡೆಯುದ್ದಕ್ಕೂ ಬಣ್ಣದ ಗೆರೆಗಳನ್ನೂ ಎಳೆದರು. ಒಗಟು ಒಂದು ಕೂದಲೂ ಬದಲಾಗಿಲ್ಲ.

ಈಗ ಬೂಟಿನ ವಿಚಾರ. ನಿಂಟೆಂಡೊ 64ರಲ್ಲಿ ಬೂಟು ಹಾಕಬೇಕಾದರೆ ಸ್ಟಾರ್ಟ್ ಒತ್ತಬೇಕು, ಆಟ ನಿಲ್ಲುತ್ತದೆ, ಮೆನುವಿನ ಹಾಳೆಗಳು ಬಿಚ್ಚಿಕೊಳ್ಳುತ್ತವೆ. ಹಾಳೆ ನಾಲ್ಕು: ಸಾಮಾನು, ನಕ್ಷೆ, ಸಾಧನೆ, ತೊಡುಗೆ. ತೊಡುಗೆಯ ಹಾಳೆಗೆ ತಿರುಗಬೇಕು. ಅಲ್ಲಿ ನಾಲ್ಕು ಸಾಲು: ಕತ್ತಿ, ಗುರಾಣಿ, ಅಂಗಿ, ಬೂಟು. ಕೆಳಗಿನ ಸಾಲಿನ ನಡುವಿನದು ಕಬ್ಬಿಣದ ಬೂಟು. ಅದರ ಮೇಲೆ ಎ ಬಟನ್, ಮತ್ತೆ ಸ್ಟಾರ್ಟ್, ಹಾಳೆಗಳು ಮಡಚಿಕೊಳ್ಳುತ್ತವೆ, ಲಿಂಕ್ ಮುಳುಗುತ್ತಾನೆ. ತಳ ಮುಟ್ಟಿ ನಾಲ್ಕು ಹೆಜ್ಜೆ ನಡೆದರೆ ಮೇಲೇಳಬೇಕು: ಇದೇ ಸರಣಿ ಮತ್ತೊಮ್ಮೆ, ಈ ಸಲ ಎಡತುದಿಯ ಕೋಕಿರಿ ಬೂಟಿಗೆ. ಒಂದು ಬದಲಾವಣೆಗೆ ಕೆಲವು ಸೆಕೆಂಡು ಅಷ್ಟೇ. ಆದರೆ ಈ ಗುಡಿ ಮುಗಿಯುವಷ್ಟರಲ್ಲಿ ಅದನ್ನು ಮಾಡುವುದು ಹತ್ತಾರು ಸಲ, ಅದೂ ತಲೆಯಲ್ಲಿ ‘ನೀರು ಎಲ್ಲಿದೆ, ಯಾವ ಬಾಗಿಲು ತೆರೆದಿಲ್ಲ’ ಎಂಬ ಲೆಕ್ಕ ಹಿಡಿದುಕೊಂಡಿರುವಾಗ. ಪ್ರತಿ ಸಲ ಮೆನು ತೆರೆದಾಗ ಆ ಲೆಕ್ಕದ ಎಳೆ ಕಡಿಯುತ್ತದೆ. ಜನ ‘ಗೊಂದಲ’ ಅಂದದ್ದು ಇದಕ್ಕೆ. ಗುಡಿಯ ನಕ್ಷೆ ಗೊಂದಲದ್ದಲ್ಲ.

ಇದು ಆಟಗಾರರ ನೆಪವಲ್ಲ. ಗುಡಿಗಳ ವಿನ್ಯಾಸದ ಹೊಣೆ ಹೊತ್ತಿದ್ದ ಆವೊನುಮಾ ಅವರೇ ಮುಂದೆ ವಿಷಾದ ಹೇಳಿಕೊಂಡದ್ದು ಒಗಟಿಗಲ್ಲ, ಬೂಟು ಬದಲಿಸಲು ಪದೇ ಪದೇ ಮೆನುವಿಗೆ ಹೋಗಬೇಕಾದದ್ದಕ್ಕೆ. ಮುಂದಿನ ಆಟಗಳಲ್ಲಿ ಅದನ್ನು ತಿದ್ದಿಯೂ ಆಗಿತ್ತು. ‘ವಿಂಡ್ ವೇಕರ್’ನಲ್ಲೂ ‘ಟ್ವೈಲೈಟ್ ಪ್ರಿನ್ಸೆಸ್’ನಲ್ಲೂ ಕಬ್ಬಿಣದ ಬೂಟು ಉಳಿದ ಸಾಮಾನುಗಳಂತೆ ಬಟನ್‌ಗೆ ಹಾಕಿಕೊಳ್ಳುವ ವಸ್ತು. 3ಡಿಎಸ್ ಅವತರಣಿಕೆಯಲ್ಲಿ ಈ ಗುಡಿಗೂ ಅದೇ ಅನುಕೂಲ ಬಂತು. ಒಂದು ಒತ್ತು, ಮುಳುಗು. ಇನ್ನೊಂದು ಒತ್ತು, ತೇಲು. ಅದರಲ್ಲಿ ಆಡಿದವರು ‘ಕಷ್ಟವಿರಲಿಲ್ಲ’ ಅಂದರೆ ಆಶ್ಚರ್ಯವಿಲ್ಲ.

ಹಳೆಯ ಯಂತ್ರದಲ್ಲೇ ಆಡುವವರು ಒಂದು ಅಭ್ಯಾಸ ಮಾಡಿಕೊಂಡರೆ ಅರ್ಧ ಸಂಕಟ ಕಳೆಯುತ್ತದೆ. ಒಂದು ಹಾಳೆಯಲ್ಲಿ ಮೂರು ಅಂತಸ್ತಿಗೆ ಮೂರು ಚೌಕ ಬರೆಯಿರಿ. ಬೀಗ ಹಾಕಿದ ಬಾಗಿಲು ಕಂಡಾಗ ಗುರುತು ಹಾಕಿ, ಪಕ್ಕದಲ್ಲಿ ಆಗ ನೀರು ಯಾವ ಮಟ್ಟದಲ್ಲಿತ್ತು ಅಂತ ಬರೆಯಿರಿ. ನೀರು ಬದಲಿಸುವ ಮೊದಲು ಆ ಮಟ್ಟದಲ್ಲಿ ನಾಲ್ಕೂ ದಿಕ್ಕು ಮುಗಿಸಿ. ನಡುಮಟ್ಟದಲ್ಲಿದ್ದಾಗಲೇ ತುದಿಗೆ ಏರಿಸಿಬಿಟ್ಟರೆ ಹಿಂದಕ್ಕೆ ಬರಲು ಮೊದಲು ತಳಕ್ಕಿಳಿಸಿ, ಆಮೇಲೆ ಗೋಪುರಕ್ಕೆ ನಡೆದು ಮತ್ತೆ ಏರಿಸಬೇಕು. ಒಂದು ಮರೆವಿಗೆ ತೆರಬೇಕಾದ ದಂಡ ಅಷ್ಟು ದೊಡ್ಡದು.

ಇದೇ ಗುಡಿಯಲ್ಲಿ ಡಾರ್ಕ್ ಲಿಂಕ್ ಕೋಣೆ ಇದೆ. ಗುಡಿಯನ್ನು ಬೈಯುವವರೂ ಇದನ್ನು ಬೈಯುವುದಿಲ್ಲ. ಮಂಜು ಕವಿದ, ಅಂಚೇ ಕಾಣದ ತೆಳುನೀರಿನ ಬಯಲು. ನಡುವೆ ಒಂದು ಒಣಮರ. ಆ ಕಡೆಯ ಬಾಗಿಲಿಗೆ ಹೋದರೆ ಸರಳು ಬಿದ್ದಿದೆ. ಹಿಂತಿರುಗಿ ಬಂದರೆ ಮರದ ಬುಡದಲ್ಲಿ ಕಪ್ಪನೆಯ ಲಿಂಕ್ ನಿಂತಿದ್ದಾನೆ. ನೀವು ಅಡ್ಡ ಬೀಸಿದರೆ ಅವನೂ ಅಡ್ಡ ಬೀಸಿ ತಡೆಯುತ್ತಾನೆ, ಮುಂದಕ್ಕೆ ಚುಚ್ಚಿದರೆ ನಿಮ್ಮ ಕತ್ತಿಯ ಮೇಲೇ ಹಾರಿ ನಿಲ್ಲುತ್ತಾನೆ. ಅಲ್ಲಿಯವರೆಗೆ ಆಟ ಕಲಿಸಿದ ಎಲ್ಲ ಕೈಚಳಕ ಅವನಿಗೂ ಬರುತ್ತದೆ. ಗುರಿ ಕಟ್ಟದೆ, ಅಂದರೆ ಝೆಡ್ ಬಟನ್ ಬಿಟ್ಟು, ಸುತ್ತ ಓಡುತ್ತ ಹೊಡೆಯುವುದು, ಮೆಗಾಟನ್ ಸುತ್ತಿಗೆ, ಡಿನ್ಸ್ ಫೈರ್ ಎಂಬ ಬೆಂಕಿಯ ಮಂತ್ರ, ಈ ಮೂರೂ ಕೆಲಸ ಮಾಡುತ್ತವೆ. ಸ್ವಿಚ್‌ಗೆ ಆಟ ಬಂದ ಹೊಸದರಲ್ಲಿ ಈ ಕೋಣೆಯ ಮಂಜು ಸರಿಯಾಗಿ ಮೂಡುತ್ತಿರಲಿಲ್ಲ. ಗೋಡೆಗಳು ಬೋಳುಬೋಳಾಗಿ ಕಂಡು ಕೋಣೆ ಬರೀ ಕೋಣೆಯಾಗಿಬಿಟ್ಟಿತ್ತು. ಆಟಗಾರರು ಜೋರಾಗಿಯೇ ಆಕ್ಷೇಪಿಸಿದರು, ನಂತರದ ಅಪ್‌ಡೇಟ್‌ನಲ್ಲಿ ಸರಿಯಾಯಿತು. ಒಂದು ಮಂಜಿಗೆ ಅಷ್ಟು ಗಲಾಟೆ ಬೇಕಿತ್ತಾ ಅನ್ನುವವರು ಆ ಕೋಣೆಯನ್ನು ಎರಡೂ ರೂಪದಲ್ಲಿ ನೋಡಬೇಕು.

ಝೆಡ್ ಬಟನ್‌ನ ಮಾತು ಬಂತಲ್ಲ. ಈ ಆಟದ ದೊಡ್ಡ ಸಾಧನೆ ಯಾವುದು ಎಂದು ಕೇಳಿದರೆ ಬಲ್ಲವರು ಹೇಳುವುದು ಕಥೆಯನ್ನಲ್ಲ, ಈ ಬಟನ್ ಅನ್ನು. ಮೂರು ಆಯಾಮದ ಬಯಲಿನಲ್ಲಿ ಕತ್ತಿ ಬೀಸಿದರೆ ವೈರಿಗೆ ತಗಲುವುದೇ ಆ ಕಾಲದಲ್ಲಿ ದೊಡ್ಡ ಸಮಸ್ಯೆಯಾಗಿತ್ತು. ಕ್ಯಾಮೆರಾ ಒಂದು ಕಡೆ, ವೈರಿ ಒಂದು ಕಡೆ. ತಂಡದವರು ಕ್ಯೋಟೋದ ತೋಎಯ್ ಸ್ಟುಡಿಯೋ ಪಾರ್ಕಿಗೆ ಹೋಗಿದ್ದಾಗ ನಿಂಜಾ ಕಾಳಗದ ಒಂದು ಪ್ರದರ್ಶನ ನೋಡಿದರು. ಒಬ್ಬನ ಸುತ್ತ ಹಲವರು ನಿಂತಿದ್ದರೂ ಎಲ್ಲರೂ ಒಟ್ಟಿಗೆ ಮೇಲೆ ಬೀಳುವುದಿಲ್ಲ, ಒಬ್ಬೊಬ್ಬರಾಗಿ ಬರುತ್ತಾರೆ. ಕುಡುಗೋಲು ಕಟ್ಟಿದ ಸರಪಳಿ ಇಬ್ಬರ ನಡುವೆ ಬಿಗಿಯಾಗಿ, ಒಬ್ಬ ಇನ್ನೊಬ್ಬನ ಸುತ್ತ ವೃತ್ತದಲ್ಲಿ ಸುತ್ತುತ್ತಾನೆ. ಝೆಡ್ ಹಿಡಿದಾಗ ಆಗುವುದು ಇದೇ: ಕಣ್ಣಿಗೆ ಕಾಣದ ಹಗ್ಗವೊಂದು ಲಿಂಕ್ ಮತ್ತು ವೈರಿಯ ನಡುವೆ ಬಿಗಿಯುತ್ತದೆ, ಉಳಿದವರು ಸ್ವಲ್ಪ ಹಿಂದೆ ಸರಿದು ಕಾಯುತ್ತಾರೆ.

ಯಾವ ವೈರಿಗೆ ಹಗ್ಗ ಬಿಗಿದಿದೆ ಅಂತ ತೋರಿಸಲು ಗುರುತು ಬೇಕಿತ್ತು. ಅದಕ್ಕೆ ಬರೀ ತ್ರಿಕೋನ ಹಾಕುವ ಬದಲು ಕೊಯಿಜುಮಿ ಒಂದು ಕಿನ್ನರಿಯನ್ನು ಹಾಕಿದರು. ಅವಳೇ ನಾವಿ. ರೆಕ್ಕೆಯ ಬೆಳಕಿನ ಉಂಡೆ. ವೈರಿಯ ಮೇಲೆ ಹಳದಿ, ಮನುಷ್ಯರ ಮೇಲೆ ನೀಲಿ, ಏನಾದರೂ ಗುಟ್ಟು ಇರುವ ಜಾಗದಲ್ಲಿ ಹಸಿರು. ಅವಳು ‘ಹೇ! ಲಿಸನ್!’ ಎಂದು ಕೂಗುವುದನ್ನು ಜನ ಇವತ್ತಿಗೂ ಆಡಿಕೊಳ್ಳುತ್ತಾರೆ. ಕೂಗು ಕಿರಿಕಿರಿಯೇ, ಒಪ್ಪಬೇಕು. ಮುಂದೇನು ಮಾಡಬೇಕು ಅಂತ ಗೊತ್ತಿದ್ದವರಿಗೂ ಅವಳು ನೆನಪಿಸುತ್ತಲೇ ಇರುತ್ತಾಳೆ. ಆದರೆ ಅವಳು ಬಾಯಿ ತೆರೆಯದ ಹೊತ್ತಿನಲ್ಲಿ ಮಾಡುವ ಕೆಲಸ ಯಾರ ಲೆಕ್ಕಕ್ಕೂ ಬರುವುದಿಲ್ಲ. ಗುರಿ ಕಟ್ಟಿ ಮೇಲಿನ ಸಿ ಬಟನ್ (ನಾಲ್ಕು ದಿಕ್ಕಿಗೆ ನಾಲ್ಕು ಸಿ ಬಟನ್ ಇವೆ) ಒತ್ತಿದರೆ ವೈರಿಯ ಹೆಸರನ್ನೂ ಹೆಚ್ಚಿನ ಸಲ ಅದರ ದುರ್ಬಲ ಜಾಗವನ್ನೂ ಹೇಳುತ್ತಾಳೆ. ಆಡಿ ಮುಗಿಸಿದವರಲ್ಲೂ ಅನೇಕರು ಇದನ್ನು ಬಳಸಿಯೇ ಇರುವುದಿಲ್ಲ.

ನಡುನಡುವೆ ಬಂದು ದಾರಿ ಹೇಳುವ ಗೂಬೆ ಕೇಪೋರಾ ಗೇಬೋರಾ ಬಗ್ಗೆ ಇರುವ ದೂರು ಮಾತ್ರ ಪೂರ್ತಿ ನ್ಯಾಯ. ಉದ್ದದ ಮಾತು ಮುಗಿಸಿ ‘ಅರ್ಥವಾಯಿತಾ, ಮತ್ತೆ ಹೇಳಲಾ’ ಎಂಬಂಥ ಪ್ರಶ್ನೆ ಕೇಳುತ್ತದೆ, ಆಗ ಬಾಣದ ಗುರುತು ಮೊದಲೇ ಕೂತಿರುವುದು ಮತ್ತೆ ಹೇಳಿಸುವ ಉತ್ತರದ ಮೇಲೆ. ಬೇಗ ದಾಟಲು ಎ ಬಟನ್ ಕುಟ್ಟಿದವರಿಗೆ ಇಡೀ ಭಾಷಣ ಮೊದಲಿನಿಂದ. ಉಪಾಯ: ಮಾತಿನ ಕೊನೆಯ ಪೆಟ್ಟಿಗೆ ಬಂದಾಗ ಕೈ ತಡೆದು, ಸ್ಟಿಕ್ ಕೆಳಗೆ ತಳ್ಳಿ, ಆಮೇಲೆ ಒತ್ತಿ.

ಇತ್ತೀಚೆಗೆ ಮೊದಲ ಸಲ ಆಡುವವರ ಮುಖ್ಯ ತಕರಾರು ಬೇರೆಯೇ: ಹೈರೂಲ್ ಫೀಲ್ಡ್ ಖಾಲಿ, ಆಟ ನಿಧಾನ. ಎರಡೂ ಸರಿ. ಮೂಲ ಆಟ ಸೆಕೆಂಡಿಗೆ 20 ಚೌಕಟ್ಟು (ಫ್ರೇಮ್) ಓಡುತ್ತದೆ, ಯುರೋಪಿನ ಕಾರ್ಟ್ರಿಡ್ಜ್‌ನಲ್ಲಿ ಸುಮಾರು 17. 3ಡಿಎಸ್‌ನಲ್ಲಿ 30. ಅರುವತ್ತಕ್ಕೆ ಒಗ್ಗಿದ ಕಣ್ಣಿಗೆ 20 ಜಗ್ಗಿದಂತೆ ಕಾಣುವುದು ಸಹಜ. ಆದರೆ ಆಟದ ಲೆಕ್ಕಾಚಾರವೆಲ್ಲ ಆ 20ಕ್ಕೆ ಹೊಂದಿಸಿ ಕಟ್ಟಿದ್ದು, ಹತ್ತು ನಿಮಿಷ ಆಡಿದರೆ ಕೈ ಒಗ್ಗುತ್ತದೆ. ಬಯಲಿನ ವಿಚಾರಕ್ಕೆ ಬಂದರೆ, ಯಂತ್ರದ ಮೆಮೊರಿ ಇದ್ದದ್ದೇ 4 ಮೆಗಾಬೈಟ್. ಅದರಲ್ಲಿ ಹಗಲು ಇಳಿದು ಸಂಜೆಯಾಗಿ, ಕೋಟೆಯ ಸೇತುವೆ ಮೇಲೆದ್ದು, ಮಣ್ಣಿನಿಂದ ಅಸ್ಥಿಪಂಜರದ ಮಕ್ಕಳು ಎದ್ದುಬರುವ ಬಯಲು ಕಟ್ಟಿದರು. ಹುಡುಗ ಲಿಂಕ್‌ನ ಕಾಲಿನಲ್ಲಿ ಕೋಟೆ ಮುಟ್ಟುವುದರೊಳಗೆ ಕತ್ತಲಾಗುತ್ತದೆ, ಬಾಗಿಲು ಹಾಕುತ್ತದೆ. ಅದೇ ಬಯಲನ್ನು ಏಳು ವರ್ಷ ಬಿಟ್ಟು ಎಪೋನಾ ಕುದುರೆಯ ಮೇಲೆ ದಾಟಿದಾಗ ಪುಟ್ಟದಾಗಿಬಿಡುತ್ತದೆ. ಆ ಅಳತೆಯ ಬದಲಾವಣೆಗಾಗಿಯೇ ಬಯಲು ಖಾಲಿ ಇರಬೇಕಿತ್ತು ಎಂಬುದು ಈ ಬರಹದ ನಿಲುವು. ಕುದುರೆ ತಾನಾಗಿ ಸಿಗುವುದಿಲ್ಲ ಅನ್ನುವುದನ್ನು ನೆನಪಿಡಿ: ಹುಡುಗನಾಗಿರುವಾಗಲೇ ರ‍್ಯಾಂಚ್‌ನ ಹುಡುಗಿ ಮಾಲೋನ್‌ಳಿಂದ ಎಪೋನಾಳ ಹಾಡು ಕಲಿತಿರಬೇಕು. ದೊಡ್ಡವನಾದ ಮೇಲೆ ರ‍್ಯಾಂಚ್‌ನಲ್ಲಿ 10 ರುಪೀ ಕೊಟ್ಟು ಸವಾರಿಗೆ ಹೋಗಿ, ಹಾಡು ನುಡಿಸಿ ಎಪೋನಾಳನ್ನು ಕರೆದು ಹತ್ತಿ, ರ‍್ಯಾಂಚ್ ನಡೆಸುವ ಇಂಗೋ ಜೊತೆ 50 ರುಪೀ ಪಂದ್ಯ ಎರಡು ಸಲ ಗೆಲ್ಲಬೇಕು. ಗೆದ್ದ ಮೇಲೂ ಅವನು ಬಾಗಿಲು ಹಾಕುತ್ತಾನೆ. ಬೇಲಿ ಹಾರಿಯೇ ಹೊರಬರಬೇಕು.

ಸಂಗೀತದ ಬಗ್ಗೆ ಮಾತ್ರ ಭಿನ್ನಾಭಿಪ್ರಾಯ ಕೇಳಿಬರುವುದು ಅಪರೂಪ. ಆಕರೀನಾದಲ್ಲಿ ಐದು ಬಟನ್‌ಗೆ ಐದು ಸ್ವರ. ಎ ಬಟನ್, ಕೆಳಗಿನ ಸಿ, ಬಲದ ಸಿ, ಎಡದ ಸಿ, ಮೇಲಿನ ಸಿ, ಹೀಗೆ ಕೆಳಗಿಂದ ಮೇಲಕ್ಕೆ. ಕರ್ನಾಟಕ ಸಂಗೀತ ಕಲಿತವರು ಎ ಬಟನ್ ಅನ್ನು ಷಡ್ಜ ಅಂದುಕೊಂಡರೆ ಉಳಿದವು ಸಾಧಾರಣ ಗಾಂಧಾರ, ಪಂಚಮ, ಚತುಶ್ರುತಿ ಧೈವತ, ತಾರ ಷಡ್ಜ. ಸ ಗ ಪ ಧ ಸ. ಇಷ್ಟರಲ್ಲೇ ಕೊಂಡೊ ಹನ್ನೆರಡು ಹಾಡು ಕಟ್ಟಿದರು, ಒಂದಕ್ಕೊಂದು ಹೋಲುವುದಿಲ್ಲ. ಜೆಲ್ಡಾಳ ಜೋಗುಳ ಎಡ, ಮೇಲೆ, ಬಲ, ಅದನ್ನೇ ಎರಡು ಸಲ: ಧ ಸ ಪ, ಧ ಸ ಪ. ಮಳೆಯ ಹಾಡು ಎ, ಕೆಳಗೆ, ಮೇಲೆ, ಎರಡು ಸಲ: ಸ ಗ ಸ, ಸ ಗ ಸ, ಕೊನೆಯದು ತಾರದ್ದು. ಒಂದು ಸಲ ಬಾಯಲ್ಲಿ ಹಾಡಿಕೊಂಡರೆ ಬಟನ್ ನೆನಪಿಡುವ ಕೆಲಸವೇ ಉಳಿಯುವುದಿಲ್ಲ. ಸ್ಟಿಕ್ ಅನ್ನು ಮೇಲೆ ಕೆಳಗೆ ತಳ್ಳಿದರೆ ಸ್ವರ ಏರಿ ಇಳಿಯುತ್ತದೆ, ಆರ್ ಬಟನ್ ಅರ್ಧ ಸ್ವರ ಏರಿಸುತ್ತದೆ, ಝೆಡ್ ಅರ್ಧ ಸ್ವರ ಇಳಿಸುತ್ತದೆ. ಗಮಕ ತಕ್ಕಮಟ್ಟಿಗೆ ನುಡಿಸಬಹುದು. ಬೆದರುಬೊಂಬೆಯ ಹಾಡು ನೀವೇ ಕಟ್ಟುವುದು: ಎಂಟು ಸ್ವರ, ಕನಿಷ್ಠ ಎರಡು ಬೇರೆ ಬೇರೆ ಸ್ವರ ಇರಬೇಕು. ಹುಡುಗನಾಗಿ ಹೈಲಿಯಾ ಸರೋವರದ ಬೊಂಬೆಗೆ ನುಡಿಸಿ, ದೊಡ್ಡವನಾಗಿ ಅದನ್ನೇ ಮತ್ತೆ ನುಡಿಸಿ ತೋರಿಸಬೇಕು. ಬರೆದಿಟ್ಟುಕೊಳ್ಳದವರು ಮರೆಯುತ್ತಾರೆ.

ಸ್ವಿಚ್‌ನಲ್ಲಿ ಆಡಿದವರು ‘ಹಾಡು ನುಡಿಸುವುದು ಹಿಂಸೆ’ ಎನ್ನುವುದಕ್ಕೂ ಕಾರಣ ಯಂತ್ರವೇ. ಅಲ್ಲಿ ಸಿ ಬಟನ್‌ಗಳೆಲ್ಲ ಬಲಗೈ ಸ್ಟಿಕ್ ಮೇಲೆ ಕೂತಿವೆ. ಸ್ಟಿಕ್ ಓರೆಯಾಗಿ ತಳ್ಳಲ್ಪಟ್ಟರೆ ಬೇರೆ ಸ್ವರ ಬೀಳುತ್ತದೆ. ಅದೇ ಯಂತ್ರಕ್ಕೆ ಸಿಗುವ ನಿಂಟೆಂಡೊ 64 ಮಾದರಿಯ ವೈರ್‌ಲೆಸ್ ಕಂಟ್ರೋಲರ್ ಹಿಡಿದರೆ ಈ ದೂರೇ ಇರುವುದಿಲ್ಲ.

ಬಂಗಾರದ ಜೇಡಗಳ ವಿಷಯದಲ್ಲಿ ಆಟಗಾರರಿಗೆ ಆದದ್ದು ನಿಜವಾದ ಅನ್ಯಾಯ. ಒಟ್ಟು 100. ಹತ್ತಕ್ಕೆ ದೊಡ್ಡ ಪರ್ಸ್, 20ಕ್ಕೆ ಗುಟ್ಟು ಇರುವ ಜಾಗದಲ್ಲಿ ಕಂಟ್ರೋಲರ್ ನಡುಗಿಸುವ ಕಲ್ಲು, 30ಕ್ಕೆ ಇನ್ನೂ ದೊಡ್ಡ ಪರ್ಸ್, 40ಕ್ಕೆ ಬಾಂಬ್‌ಚೂ ಎಂಬ ಓಡುವ ಬಾಂಬ್, 50ಕ್ಕೆ ಹೃದಯದ ತುಂಡು. ಆಮೇಲೆ ಮತ್ತೆ 50 ಹುಡುಕಿ ನೂರು ತುಂಬಿಸಿದರೆ ಸಿಗುವುದು 200 ರುಪೀ, ಆ ಹೊತ್ತಿಗೆ ದುಡ್ಡಿನ ಅಗತ್ಯವೇ ಇಲ್ಲದವನಿಗೆ. ಐವತ್ತಕ್ಕೆ ನಿಲ್ಲಿಸಿ. ಆ ಸಮಯವನ್ನು ಬಿಗ್ಗೊರಾನ್ ಎಂಬ ಮುರಿಯದ ದೊಡ್ಡ ಕತ್ತಿಗೆ ಕೊಡಿ. ಗೊರಾನ್ ಊರಲ್ಲಿ 200 ರುಪೀಗೆ ಮಾರುವ ಜೈಂಟ್ಸ್ ನೈಫ್ ಕೆಲವೇ ಏಟಿಗೆ ಮುರಿದುಹೋಗುತ್ತದೆ, ಅದಕ್ಕೆ ದುಡ್ಡು ಸುರಿಯಬೇಡಿ. ನಿಜವಾದ ಕತ್ತಿ ಕಕಾರಿಕೋದಲ್ಲಿ ಸಿಗುವ ಮೊಟ್ಟೆಯಿಂದ ಶುರುವಾಗುವ ಅದಲುಬದಲಿನ ಕೊನೆಯಲ್ಲಿದೆ. ನಡುವೆ ಮೂರು ವಸ್ತುಗಳಿಗೆ ಗಡಿಯಾರ ಓಡುತ್ತದೆ: ಅಣಬೆಗೆ 3 ನಿಮಿಷ, ಕಪ್ಪೆಗೆ 3 ನಿಮಿಷ, ಕಣ್ಣಿನ ಔಷಧಿಗೆ 4 ನಿಮಿಷ. ಹಾರಿಸಿಕೊಂಡು ಹೋಗುವ ಹಾಡು ನುಡಿಸಿದರೆ ವಸ್ತು ಕೆಟ್ಟೇಹೋಗುತ್ತದೆ, ಕುದುರೆಯನ್ನೇ ನೆಚ್ಚಬೇಕು. ಔಷಧಿ ಹಿಡಿದು ಸರೋವರದಿಂದ ಡೆತ್ ಮೌಂಟನ್ ತುದಿಯವರೆಗಿನ ಓಟವೇ ಕಠಿಣ. ಹೊರಡುವ ಮೊದಲು ಒಮ್ಮೆ ಸುಮ್ಮನೆ ಆ ದಾರಿ ಓಡಿ ನೋಡಿಕೊಂಡರೆ ಅರ್ಧ ಗೆದ್ದಂತೆ.

ಮೂಲ ಕಾರ್ಟ್ರಿಡ್ಜ್ ಕೊಳ್ಳುವವರಿಗೆ ಎರಡು ಮಾತು. ಈ ಆಟ ಸೇವ್ ಇಡುವುದು ಬ್ಯಾಟರಿಯ ಬಲದಿಂದ ನಿಂತ ಮೆಮೊರಿಯಲ್ಲಿ. ಒಳಗಿರುವುದು ಸಿಆರ್2032, 3 ವೋಲ್ಟ್‌ನ ನಾಣ್ಯದಂಥ ಬ್ಯಾಟರಿ. 1998ರ ಬ್ಯಾಟರಿ ಇನ್ನೂ ಜೀವಂತವಿದೆ ಎಂದು ನಂಬಿ ಆಡಬೇಡಿ. ಸತ್ತಿದ್ದರೆ ಆಟ ಚೆನ್ನಾಗಿಯೇ ಓಡುತ್ತದೆ, ಸೇವ್ ಕೂಡ ಆದಂತೆ ಕಾಣುತ್ತದೆ, ಪವರ್ ತೆಗೆದು ಮತ್ತೆ ಹಾಕಿದರೆ ಮೂರೂ ಜಾಗ ಖಾಲಿ. ಅದಕ್ಕೆ ತಂದ ದಿನವೇ ಹೆಸರು ಬರೆದು, ಐದು ನಿಮಿಷ ಆಡಿ ಸೇವ್ ಮಾಡಿ, ಯಂತ್ರ ಆರಿಸಿ ಒಂದು ರಾತ್ರಿ ಬಿಟ್ಟು ನೋಡಿ. ಹೊಸ ಬ್ಯಾಟರಿ ಹಾಕಲು 3.8 ಮಿಲಿಮೀಟರ್‌ನ ವಿಶೇಷ ಸ್ಕ್ರೂಡ್ರೈವರ್ ಬೇಕು, ಬ್ಯಾಟರಿ ಬೆಸುಗೆಯಲ್ಲಿ ಕೂತಿರುತ್ತದೆ. ಬೆಸುಗೆ ಹಾಕಲು ತಗಡಿನ ಕಾಲು ಇರುವ ಬ್ಯಾಟರಿಯನ್ನೇ ತನ್ನಿ, ಬರೀ ಬ್ಯಾಟರಿಯ ಮೇಲೆ ಕಾದ ಕಬ್ಬಿಣ ಇಡುವುದು ಅಪಾಯ. ಹಳೆಯದನ್ನು ಬಿಚ್ಚಿದ ಕ್ಷಣ ಇದ್ದ ಸೇವ್ ಹೋಗುತ್ತದೆ.

ಕಂಟ್ರೋಲರ್‌ನ ಸ್ಟಿಕ್ ಇನ್ನೊಂದು ಸಮಸ್ಯೆ. ಅದರ ಬುಡ ಪ್ಲಾಸ್ಟಿಕ್ ಬಟ್ಟಲಲ್ಲಿ ಉಜ್ಜುತ್ತ ಸವೆಯುತ್ತದೆ, ಬಿಚ್ಚಿದರೆ ಬಿಳಿ ಪುಡಿ ಉದುರುತ್ತದೆ. ಸವೆದ ಸ್ಟಿಕ್ ಸಡಿಲವಾಗಿ ತೂಗಾಡುತ್ತದೆ, ಪೂರ್ತಿ ತಳ್ಳಿದರೂ ಲಿಂಕ್ ನಡೆಯುತ್ತಾನೆಯೇ ಹೊರತು ಓಡುವುದಿಲ್ಲ. ಆಟ ‘ಮಂದ’ ಅನ್ನುವ ದೂರಿನಲ್ಲಿ ಈ ಸ್ಟಿಕ್‌ನ ಪಾಲು ಎಷ್ಟೋ.

ಆವೃತ್ತಿಗಳಲ್ಲೂ ಭೇದವಿದೆ. ಮೊದಲ ಎರಡು ಮುದ್ರಣಗಳಲ್ಲಿ ಫೈರ್ ಟೆಂಪಲ್‌ನ ಸಂಗೀತದಲ್ಲಿ ಇಸ್ಲಾಮಿಕ್ ಪ್ರಾರ್ಥನೆಯ ದನಿ ಇತ್ತು, 1.2 ಎಂಬ ಮುದ್ರಣದಿಂದ ಅದನ್ನು ತೆಗೆದು ಬೇರೆ ಸಂಗೀತ ಹಾಕಿದರು. ಗ್ಯಾನನ್‌ಡಾರ್ಫ್‌ನ ಕೆಂಪು ರಕ್ತ ಹಸಿರಾಯಿತು.

ಸೇವ್ ಬಗ್ಗೆ ಹೊಸಬರು ತಿಳಿದಿರಬೇಕಾದ್ದು ಇನ್ನೊಂದು: ಎಲ್ಲಿ ಸೇವ್ ಮಾಡಿದರೂ ಮತ್ತೆ ತೆರೆದಾಗ ಹುಡುಗ ತನ್ನ ಮನೆಯಲ್ಲಿ, ದೊಡ್ಡವನು ಟೆಂಪಲ್ ಆಫ್ ಟೈಮ್‌ನಲ್ಲಿ ಏಳುತ್ತಾನೆ. ಗುಡಿಯೊಳಗೆ ಸೇವ್ ಮಾಡಿದರೆ ಅದರ ಬಾಗಿಲಲ್ಲಿ. ತೆರೆದ ಬಾಗಿಲು, ಸಿಕ್ಕ ಬೀಗದ ಕೈ ಎಲ್ಲ ಹಾಗೇ ಇರುತ್ತವೆ, ನಡೆದ ದಾರಿ ಮಾತ್ರ ಮತ್ತೆ ನಡೆಯಬೇಕು.

ಹಾಗಾದರೆ ಮೊದಲ ಸಲ ಯಾವುದರಲ್ಲಿ ಆಡುವುದು? ಸಿಕ್ಕರೆ 3ಡಿಎಸ್. ಬೂಟು ಬಟನ್ ಮೇಲಿದೆ, ಕಣ್ಣಿಗೆ 30 ಚೌಕಟ್ಟು, ಒಗಟು ಮೂಲದ್ದೇ. ಆಟ ಮುಗಿಸಿದವರಿಗೆ ಅದರೊಳಗೇ ‘ಮಾಸ್ಟರ್ ಕ್ವೆಸ್ಟ್’ ತೆರೆಯುತ್ತದೆ: ಲೋಕವೇ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿದೆ, ಏಟು ಎರಡುಪಟ್ಟು. ಗುಡಿಗಳ ಒಳಗು ಬೇರೆ, ವಾಟರ್ ಟೆಂಪಲ್‌ನಲ್ಲಿ ಅಲ್ಲಿ ಬೀಗದ ಕೈ ಎರಡೇ. ಇಲ್ಲವಾದರೆ ಸ್ವಿಚ್, ಅದರ ಜೊತೆ ಹಳೆಯ ಮಾದರಿಯ ಕಂಟ್ರೋಲರ್. ಮೂಲ ಯಂತ್ರ ಎರಡನೇ ಸಲಕ್ಕೆ ಇರಲಿ. ಗುಡಿಯ ಲೆಕ್ಕ ಮೊದಲೇ ತಲೆಯಲ್ಲಿದ್ದರೆ ಮೆನುವಿನ ಆ ಹಾಳೆಗಳು ಅಷ್ಟು ಕಾಡುವುದಿಲ್ಲ.

ಈಚೆಗೆ ಅನುಭವಿಗಳು ಹೆಚ್ಚಾಗಿ ಆಡುತ್ತಿರುವುದು ರ‍್ಯಾಂಡಮೈಜರ್. ಪೆಟ್ಟಿಗೆಗಳಲ್ಲಿರುವ ವಸ್ತುಗಳನ್ನೆಲ್ಲ ಕಲಸಿ ಹಂಚಿಬಿಡುತ್ತದೆ: ಹುಕ್‌ಶಾಟ್ ಎಲ್ಲಿ ಸಿಗುತ್ತದೋ, ಬೂಟು ಎಲ್ಲಿ ಸಿಗುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಯಾವ ಪೆಟ್ಟಿಗೆ ಮುಟ್ಟಲು ಯಾವ ಸಾಮಾನು ಬೇಕು, ನೀರು ಯಾವ ಮಟ್ಟದಲ್ಲಿರಬೇಕು ಎಂಬ ಲೆಕ್ಕವೇ ಅಲ್ಲಿ ಇಡೀ ಆಟ. ಅದನ್ನು ಆಡುವವರ ಬಾಯಲ್ಲಿ ವಾಟರ್ ಟೆಂಪಲ್‌ಗೆ ಬೈಗುಳ ಕೇಳುವುದು ಕಡಿಮೆ. ಗೋಪುರದಲ್ಲಿ ಜೋಗುಳ ನುಡಿಸುತ್ತಾರೆ, ನೀರು ಏರುತ್ತದೆ, ದಿಮ್ಮಿ ತೇಲುತ್ತದೆ, ಬಾಗಿಲ ಕಡೆ ತಿರುಗಿಯೂ ನೋಡದೆ ಬೂಟು ಹಾಕಿಕೊಂಡು ಆ ಗುಂಡಿಗೆ ಇಳಿಯುತ್ತಾರೆ.